ಕಲಾಕೃತಿ ಹುಡುಕಿ ತೀರ್ಪುಗಾರರ ತಿರುಗಾಟ

ತೀರ್ಪುಗಾರನಾದವನ ಮುಖ ಗಂಭೀರವಾಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಗಂಭೀರವಾಗಿ ಇಟ್ಟುಕೊಳ್ಳುವುದು ಹೇಗೆ ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಾವು ಎಷ್ಟೇ ಹುಬ್ಬು ಗಂಟಿಕ್ಕಿಕೊಂಡು ಹೊರಟರೂ ದಾರಿಯಲ್ಲಿ ಏನಾದರೊಂದು ಆಗಿಯೇ ಆಗುತ್ತದೆ.

ನಾನು ಹಿರಿಯಡ್ಕದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಷ್ಟ್ರಾಗಿದ್ದವನು. ನಿವೃತ್ತನಾದ ಮೇಲೆ ಉಡುಪಿಯ ಒಂದು ಟ್ರಸ್ಟಿನವರು ತೀರ್ಪುಗಾರನಾಗಲು ಕರೆದರು. ಅವರು ಕೊಡುವ ವಿದ್ಯಾರ್ಥಿವೇತನದ ಕ್ರಮವೇ ಬೇರೆ. ಮಾರ್ಕ್ಸ್ ಕಾರ್ಡು ಕೇಳುವುದಿಲ್ಲ. 'ನಿನ್ನ ಮನಸ್ಸಿಗೆ ಸ್ಫೂರ್ತಿ ಕೊಟ್ಟ ಒಂದು ಕಲಾಕೃತಿಯ ಬಗ್ಗೆ ಎರಡು ಪುಟ ಬರೆ' ಎನ್ನುತ್ತಾರೆ. ಚೆನ್ನಾಗಿ ಬರೆದವರು ನಮ್ಮನ್ನು ಆ ಕಲಾಕೃತಿಯ ಎದುರು ನಿಲ್ಲಿಸಿ ಹತ್ತು ನಿಮಿಷ ಮಾತಾಡಬೇಕು. ಗೆದ್ದವರಿಗೆ ಮುಂದಿನ ಓದಿನ ಚಿಂತೆ ಇಲ್ಲ.

ನಾವು ಮೂವರು ತೀರ್ಪುಗಾರರು. ಟ್ರಸ್ಟಿನ ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದವರು, ರಥಬೀದಿಯ ಆಚಾರವಂತ ಮನೆತನ, ಮಾತು ಎಷ್ಟು ಮೆತ್ತಗೆ ಎಂದರೆ ಮೈಕಿನ ಎದುರು ನಿಂತರೂ ಕಿವಿಗೊಟ್ಟು ಕೇಳಬೇಕು. ಪ್ರೊಫೆಸರ್ ಮೇಡಂ ಮಣಿಪಾಲದಲ್ಲಿ ಪಾಠ ಮಾಡುವವರು. ಏನನ್ನು ನೋಡಿದರೂ ಅದರ ಹಿಂದಿನ ಅರ್ಥ ಅವರಿಗೆ ಮೊದಲು ಕಾಣುತ್ತದೆ. ಮೂರನೆಯವನು ನಾನು. ಕಳೆದ ವರ್ಷ ನಮಗೆ ಆದದ್ದನ್ನು ಹೇಳುತ್ತೇನೆ.

ಶುಕ್ರವಾರದ ಸ್ಫೂರ್ತಿ

ಪ್ರಕಟಣೆಯಲ್ಲಿ ನನ್ನ ಫೋನ್ ನಂಬರು ಹಾಕಿದ್ದೇ ದೊಡ್ಡ ತಪ್ಪು. ಮೊದಲ ಫೋನು ಬಂದಾಗ ನಾನಿನ್ನೂ ಹಲ್ಲುಜ್ಜಿರಲಿಲ್ಲ.

"ನಮ್ಮ ಮಗಳು ಕಾಮರ್ಸು. ಕಾಮರ್ಸಿನವರಿಗೆ ಬೇರೆ ಕಲಾಕೃತಿ ಉಂಟಾ, ಎಲ್ಲರಿಗೂ ಒಂದೆಯಾ?" ಒಬ್ಬರು ತಾಯಿ ಕೇಳಿದರು.

"ಅವಳಿಗೆ ಯಾವುದು ಇಷ್ಟವೋ ಅದು ಅಮ್ಮ" ಎಂದೆ.

"ಅವಳಿಗೆ ಇಷ್ಟ ಆದದ್ದು ಬೇಡ, ಪಾಸಾಗುವಂಥದ್ದು ಹೇಳಿ" ಎಂದರು.

ಮಧ್ಯಾಹ್ನ ಒಬ್ಬ ಹುಡುಗನ ಫೋನು. ಬಹಳ ವಿನಯದ ಸ್ವರ. "ಸರ್, ನನಗೆ ಸ್ಫೂರ್ತಿ ಕೊಡುವ ಕಲಾಕೃತಿ ಇನ್ನೂ ಸಿಕ್ಕಲಿಲ್ಲ. ಕೊನೆಯ ದಿನ ಯಾವುದು?"

"ಶನಿವಾರ" ಎಂದೆ.

"ಹಾಗಾದರೆ ಅಡ್ಡಿ ಇಲ್ಲ ಸರ್. ಶುಕ್ರವಾರ ಸಂಜೆಯೊಳಗೆ ಸ್ಫೂರ್ತಿ ಬರ್ತದೆ!"

ತಪ್ಪಿದ ಬಸ್ಸಿನ ನವಿಲು

ಬಂದ ಬರಹಗಳಲ್ಲಿ ಮೊಬೈಲಿನಿಂದ ಇಳಿಸಿದ ವಿದೇಶದ ಚಿತ್ರಗಳೇ ಹೆಚ್ಚಿದ್ದವು. ಅವುಗಳ ನಡುವೆ ಒಂದು ಬರಹ ಹೀಗೆ ಶುರುವಾಗಿತ್ತು: 'ನನ್ನ ಮೆಚ್ಚಿನ ಕಲಾಕೃತಿ ಒಂದು ಸರ್ವಿಸ್ ಬಸ್ಸಿನ ಹಿಂಭಾಗದಲ್ಲಿದೆ. ಆ ಬಸ್ಸು ನನಗೆ ವಾರಕ್ಕೆ ಮೂರು ದಿನ ತಪ್ಪುತ್ತದೆ. ಹಾಗಾಗಿ ಅದರ ಹಿಂಭಾಗವನ್ನು ನನ್ನಷ್ಟು ಚೆನ್ನಾಗಿ ನೋಡಿದವರು ಯಾರೂ ಇಲ್ಲ.'

ಬರೆದವಳು ನಮ್ಮ ಹಿರಿಯಡ್ಕದವಳೇ. ನಿಟ್ಟೆಗೆ ಹೋಗಿ ಇಂಜಿನಿಯರಿಂಗ್ ಓದುವ ಹುಡುಗಿ. ಬಸ್ಸಿನ ಹಿಂದೆ ಬರೆದ ನವಿಲಿನ ಬಗ್ಗೆ ಅವಳ ಬರಹ.

ಒಂದು ಬೆಳಿಗ್ಗೆ ನಾವು ಮೂವರೂ ಹಿರಿಯಡ್ಕದ ಬಸ್ ಸ್ಟ್ಯಾಂಡಿನಲ್ಲಿ ಹಾಜರಾದೆವು. ಹುಡುಗಿಯೂ ಬಂದಿದ್ದಳು. ಬಸ್ಸು ಬಂತು. ನಾವು ಅದರ ಹಿಂದಕ್ಕೆ ಹೋಗಲು ಎರಡು ಹೆಜ್ಜೆ ಇಟ್ಟಿದ್ದೆವಷ್ಟೆ, ಕಂಡಕ್ಟರ್ ಅಧ್ಯಕ್ಷರ ರಟ್ಟೆ ಹಿಡಿದು, "ಕಾರ್ಕಳ, ಕಾರ್ಕಳ! ಬೇಗ ಬನ್ನಿ ಅಜ್ಜೇರೇ, ಹಿಂದೆ ಇನ್ನೊಂದು ಬಸ್ಸುಂಟು" ಎಂದು ಮೇಲಕ್ಕೆ ಎತ್ತಿಯೇ ಬಿಟ್ಟ. ಅವರನ್ನು ಇಳಿಸಲು ಮೇಡಂ ಹತ್ತಿದರು. ಇಬ್ಬರನ್ನೂ ಇಳಿಸಲು ನಾನು ಹತ್ತಿದೆ. ಹುಡುಗಿ ಓಡಿ ಬಂದು ಹತ್ತುವಾಗ ಬಸ್ಸು ಹೊರಟಾಗಿತ್ತು.

"ಎಲ್ಲಿಗೆ ಟಿಕೆಟು?" ಕಂಡಕ್ಟರ್ ಕೇಳಿದ.

ಅಧ್ಯಕ್ಷರು ಮೆತ್ತಗೆ, "ನಾವು ಬಸ್ಸಿನ ಹಿಂದೆ ನೋಡಲಿಕ್ಕೆ ಬಂದವರು" ಎಂದರು.

"ಹಿಂದೆ ಸೀಟು ಉಂಟು, ಹೋಗಿ" ಎಂದ ಆತ.

ಹೀಗೆ ಕಲಾಕೃತಿಗೆ ಬೆನ್ನು ಕೊಟ್ಟು ಕುಳಿತು ನಾವು ಕಾರ್ಕಳ ತಲುಪಿದೆವು. ಅಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ಎಲ್ಲರೂ ಇಳಿದು ಹಿಂದೆ ಹೋಗಿ ನೋಡಿದೆವು. ಮೂವತ್ತು ವರ್ಷ ಮಕ್ಕಳಿಗೆ ನವಿಲು ಬರೆಯಲು ಕಲಿಸಿದವನು ನಾನು. ಅಂಥದ್ದೊಂದು ಗರಿ ನನ್ನ ಕೈಯಿಂದ ಬಂದಿಲ್ಲ.

ಹುಡುಗಿ ಬೆರಳಿಟ್ಟು ತೋರಿಸಿದಳು. "ಸರ್, ಇಲ್ಲಿ ಮುಟ್ಟಿ ನೋಡಿ. ಗರಿಯ ಒಂದೊಂದು ಕಣ್ಣು ಇರುವಲ್ಲಿಯೂ ತಗಡು ನೆಗ್ಗಿದೆ. ಪೇಂಟರು ಅದನ್ನು ಮುಚ್ಚಲಿಲ್ಲ. ನೆಗ್ಗಿದ ಕಡೆ ನೆರಳು ಬೀಳ್ತದಲ್ಲ, ಆ ನೆರಳನ್ನೇ ಕಣ್ಣಿನ ಕಪ್ಪು ಮಾಡಿದ್ದಾರೆ. ಮೊದಲ ಸೆಮಿಸ್ಟರಿನಲ್ಲಿ ನನ್ನ ಡಿಸೈನ್ ಮೂರು ಸಲ ವಾಪಸ್ಸು ಬಂತು. ಕಾಲೇಜು ಬಿಡುವ ಅಂತ ಇದ್ದೆ. ಆ ದಿನ ಬಸ್ಸು ತಪ್ಪಿ ಈ ನವಿಲು ನೋಡ್ತಾ ನಿಂತೆ. ನನ್ನ ತಪ್ಪನ್ನು ಅಳಿಸುವುದು ಬಿಟ್ಟು ಅದರಲ್ಲಿ ಎಂತ ಉಂಟು ಅಂತ ನೋಡಿದ್ದು ಆಮೇಲೆ."

ಪ್ರಯಾಣಿಕರೂ ಡ್ರೈವರೂ ಸುತ್ತ ನೆರೆದಿದ್ದರು. ಕಂಡಕ್ಟರ್ ಮೊದಲ ಬಾರಿಗೆ ತನ್ನ ಬಸ್ಸಿನ ಹಿಂಭಾಗವನ್ನು ಬಾಯಿ ತೆರೆದು ನೋಡಿದ. ಅವನೇ ಹೋಗಿ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿನಿಂದ ಪೇಂಟರನ್ನು ಕರೆದು ತಂದ. ಅಧ್ಯಕ್ಷರು ಆ ಮನುಷ್ಯನಿಗೆ ಕೈ ಮುಗಿದು, "ಇಷ್ಟು ಚಂದದ ನವಿಲು ಬರೆಯಲು ನಿಮಗೆ ಎಲ್ಲಿಂದ ಸ್ಫೂರ್ತಿ ಬಂತು?" ಎಂದು ಕೇಳಿದರು.

ಪೇಂಟರು ಬ್ರಷ್ಷು ಒರಸಿಕೊಳ್ಳುತ್ತಾ ಹೇಳಿದರು: "ಹಿಂದಿನಿಂದ ಸ್ವಾಮಿ. ಮೊದಲ ಸಲ ಹಿಂದಿನ ಬಸ್ಸು ಬಂದು ಗುದ್ದಿದಾಗ ಒಂದು ಹೂ ಬರೆದೆ. ಅವರು ಗುದ್ದುತ್ತಲೇ ಇದ್ದರು. ಆಮೇಲೆ ನವಿಲೇ ಬೇಕಾಯಿತು!"

ಬುಟ್ಟಿಯಲ್ಲಿ ಅರಳಿದ್ದು

ಕಾಪುವಿನಿಂದ ಬರೆದವಳು ಡಿಗ್ರಿ ಮೊದಲ ವರ್ಷದ ಹುಡುಗಿ. ಅವಳ ಅಜ್ಜಿ ಮಾರ್ಕೆಟ್ಟಿನಲ್ಲಿ ಮೀನು ಮಾರುವವರು. ಅಜ್ಜಿ ಬೆಳಿಗ್ಗೆ ಬುಟ್ಟಿಯಲ್ಲಿ ಬಂಗುಡೆ ಮೀನು ಜೋಡಿಸಿಡುವ ಚಂದವೇ ಅವಳ ಕಲಾಕೃತಿ.

ಅಧ್ಯಕ್ಷರು ಬರಹ ಓದಿ ಮಡಚಿ ಕಿಸೆಗೆ ಹಾಕಿಕೊಂಡರು. ಅವರು ಹುಟ್ಟಿದಂದಿನಿಂದ ಮೀನು ಮಾರ್ಕೆಟ್ಟಿನ ಒಳಗೆ ಕಾಲಿಟ್ಟವರಲ್ಲ. "ನೀವು ಕಾರಿನಲ್ಲೇ ಕುಳಿತುಕೊಳ್ಳಿ, ನಾವು ನೋಡಿ ಬರುತ್ತೇವೆ" ಎಂದೆ.

"ಹಾಗೆ ಆಗುವುದಿಲ್ಲ ಮಾಷ್ಟ್ರೇ. ಕಲಾಕೃತಿಯ ಎದುರು ನಿಲ್ಲಬೇಕು ಅಂತ ನಾವೇ ಬರೆದದ್ದು" ಎಂದು ಕರವಸ್ತ್ರದಲ್ಲಿ ಒಂದಿಷ್ಟು ಕರ್ಪೂರ ಕಟ್ಟಿ ಮೂಗಿಗೆ ಹಿಡಿದುಕೊಂಡು ಹೊರಟರು.

ಅಜ್ಜಿಯ ಬುಟ್ಟಿ ನೋಡಿದರೆ ನಿಜಕ್ಕೂ ಒಂದು ದೊಡ್ಡ ಹೂ ಅರಳಿದ ಹಾಗಿತ್ತು. ತಲೆ ಒಳಗೆ, ಬಾಲ ಹೊರಗೆ. ಒಂದು ಮೀನಿನ ಬೆಳ್ಳಿ ಹೊಟ್ಟೆ ಮೇಲೆ, ಪಕ್ಕದ್ದರ ನೀಲಿ ಹಸಿರು ಬೆನ್ನು ಮೇಲೆ, ಹೀಗೆ ಸುತ್ತಿನ ಮೇಲೆ ಸುತ್ತು. ನಟ್ಟ ನಡುವೆ ಒಂದೇ ಒಂದು ಕೆಂಪು ಮೀನು.

ಹುಡುಗಿ ತನ್ನ ನೋಟ್ ಪುಸ್ತಕಗಳನ್ನು ತೆರೆದು ತೋರಿಸಿದಳು. ಹೈಸ್ಕೂಲಿನಿಂದ ಇಂದಿನವರೆಗೆ ಪ್ರತಿ ಪುಸ್ತಕದ ಹಿಂದಿನ ಪುಟಗಳಲ್ಲಿ ಬುಟ್ಟಿಯ ಚಿತ್ರಗಳು. ಒಂದರ ಹಾಗೆ ಇನ್ನೊಂದಿಲ್ಲ. "ಅಜ್ಜಿ ಶಾಲೆಗೆ ಹೋದವರಲ್ಲ. ಇಷ್ಟು ಚಂದ ಮಾಡ್ತಾರೆ, ಮಧ್ಯಾಹ್ನದೊಳಗೆ ಎಲ್ಲ ಖಾಲಿ. ಒಂದು ದಿನವೂ ಬೇಸರ ಮಾಡಿಕೊಂಡದ್ದಿಲ್ಲ. ಮರುದಿನ ಹೊಸದು. ನಾನು ಬರೆದಿಡದಿದ್ದರೆ ಇದನ್ನು ನೋಡಿದವರೇ ಇಲ್ಲ ಅಂತ ಆಗ್ತದೆ ಅಲ್ವಾ?" ಎಂದಳು. ಮೇಡಂ ಕನ್ನಡಕ ತೆಗೆದು ಒರಸಿಕೊಂಡರು.

ತಿರುಗಿ ನೋಡಿದರೆ ಅಧ್ಯಕ್ಷರ ಕರವಸ್ತ್ರ ಕಿಸೆಗೆ ಹೋಗಿತ್ತು. ಪಂಚೆ ಮೇಲೆ ಕಟ್ಟಿ ಬುಟ್ಟಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಸುತ್ತುಗಳನ್ನು ನೋಡುತ್ತಿದ್ದರು. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಒಂದು ಬಂಗುಡೆಗೆ ಕೈ ಹಾಕಿದರು.

"ಅಯ್ಯೋ, ಅದನ್ನು ತೆಗೆಯಬೇಡಿ ಅಮ್ಮ, ಸುತ್ತು ಮುರಿದು ಹೋಗ್ತದೆ. ಆಚೆಯವರ ಬುಟ್ಟಿಯಿಂದ ತೆಗೆದುಕೊಳ್ಳಿ" ಎಂದರು ಅಧ್ಯಕ್ಷರು. ಹೆಂಗಸು ಆಚೆ ಹೋದರು. ಎರಡನೆಯ ಗಿರಾಕಿ ಬಂದರು. ಅವರನ್ನೂ ಆಚೆ ಕಳುಹಿಸಿದರು. ಮೂರನೆಯವರಿಗೆ ಬಾಯಿ ತೆರೆಯುವಾಗ ಅಜ್ಜಿ ಎದ್ದು ನಿಂತು ಕೈ ಮುಗಿದರು.

"ಸ್ವಾಮೀ, ನಿಮ್ಮ ಮಾರ್ಕು ಈ ಹುಡುಗಿಗೆ, ನನ್ನ ಪುಳ್ಳಿಗೆ ಕೊಡಿ. ನನ್ನ ಗಿರಾಕಿಗಳನ್ನು ನನಗೆ ಬಿಟ್ಟುಬಿಡಿ!"

ಅರ್ಧ ಆನೆ

ಕಾರ್ಕಳದ ಹುಡುಗನ ಅಪ್ಪ ಶಿಲ್ಪಿ. ಮನೆಯ ಎದುರೇ ಕಲ್ಲು ಕೆತ್ತುವ ಶೆಡ್ಡು. ಹುಡುಗ ನಮ್ಮನ್ನು ನಿಲ್ಲಿಸಿದ್ದು ಒಂದು ಕಲ್ಲಾನೆಯ ಎದುರು. ಮುಂದಿನ ಅರ್ಧ ಜೀವಂತ ಆನೆ, ಸೊಂಡಿಲಿನ ಸುಕ್ಕು ಕೂಡ ಕಾಣುತ್ತಿತ್ತು. ಹಿಂದಿನ ಅರ್ಧ ಬರೀ ಬಂಡೆ.

"ಪಿಯುಸಿಯಲ್ಲಿ ಲೆಕ್ಕದಲ್ಲಿ ಫೇಲಾದ ದಿನ ನಾನು ಈ ಕಲ್ಲಿನ ಹಿಂದೆ ಅಡಗಿ ಕುಳಿತಿದ್ದೆ" ಎಂದು ಹುಡುಗ ಶುರು ಮಾಡಿದ. "ಅಪ್ಪ ನೋಡಿದರು, ಬೈಯಲಿಲ್ಲ. ಉಳಿ ಸುತ್ತಿಗೆ ಕೈಗೆ ಕೊಟ್ಟು, 'ಈ ಕಾಲಿನ ಉಗುರು ನೀನು ಮಾಡು' ಅಂದರು. ಒಂದು ಉಗುರಿಗೆ ಹನ್ನೊಂದು ದಿನ ಬೇಕಾಯಿತು. ಅದಾದ ಮೇಲೆ ಲೆಕ್ಕ ಅಂಥ ಕಷ್ಟ ಅಂತ ಕಾಣಲಿಲ್ಲ."

ನಾನು ಬಗ್ಗಿ ಆ ಉಗುರು ನೋಡಿದೆ. ಉಳಿದ ಉಗುರುಗಳಿಗಿಂತ ಸ್ವಲ್ಪ ಸೊಟ್ಟಗಿತ್ತು. ಅಪ್ಪ ಅದನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದರು. ಆ ಶಿಲ್ಪಿಯ ಮೇಲೆ ನನಗೆ ಬಂದ ಗೌರವ ಇಷ್ಟಿಷ್ಟಲ್ಲ. ನಾನಾಗಿದ್ದರೆ ಮಗನ ಉಗುರಿಗೆ ಅಂದೇ ಕೆಂಪು ಶಾಯಿ ಹಾಕುತ್ತಿದ್ದೆ.

ಮೇಡಂ ಆನೆಯ ಸುತ್ತ ಎರಡು ಸುತ್ತು ಬಂದರು. "ಈ ಕೃತಿಯ ಶಕ್ತಿ ಇರುವುದೇ ಅದರ ಅಪೂರ್ಣತೆಯಲ್ಲಿ" ಎಂದರು. "ಪ್ರಕೃತಿಯಿಂದ ಬಿಡಿಸಿಕೊಳ್ಳಲು ಹೊರಟ ಜೀವ ಅರ್ಧಕ್ಕೇ ನಿಂತಿದೆ. ಮುಗಿಸುವ ಶಕ್ತಿ ಇದ್ದರೂ ಮುಗಿಸದೆ ಬಿಡುವುದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು!" ಅಧ್ಯಕ್ಷರು ತಲೆದೂಗಿದರು. ಶಿಲ್ಪಿ ಕೈಕಟ್ಟಿ ಎಲ್ಲವನ್ನೂ ಕೇಳಿದರು.

"ಇಲ್ಲಿಗೇ ನಿಲ್ಲಿಸಬೇಕು ಅಂತ ನಿಮಗೆ ಯಾವ ಕ್ಷಣದಲ್ಲಿ ಅನಿಸಿತು?" ಮೇಡಂ ಕೇಳಿದರು.

ಶಿಲ್ಪಿ ಗಡಿಯಾರ ನೋಡಿಕೊಂಡರು. "ಹತ್ತೂವರೆಗೆ ಮೇಡಂ. ನಿಮ್ಮ ಕಾರು ಬಂತಲ್ಲ, ಆಗ. ನೀವು ಹೊರಟರೆ ಹಿಂಗಾಲು ಶುರು ಮಾಡಬಹುದು."

ಬೆನ್ನ ಮೇಲಿನ ಹುಲಿ

ಕೊನೆಗೆ ಉಳಿದದ್ದು ಉಡುಪಿಯ ಒಬ್ಬ ಪಿಯುಸಿ ಹುಡುಗ. ಅವನ ಬರಹ ಒಂದೇ ಪುಟ. 'ನನ್ನ ಕಲಾಕೃತಿಯನ್ನು ನಾನೇ ಸರಿಯಾಗಿ ನೋಡಿಲ್ಲ. ಅದು ಅಷ್ಟಮಿಯ ಎರಡು ದಿನ ನನ್ನ ಬೆನ್ನ ಮೇಲೆ ಇರುತ್ತದೆ' ಎಂದು ಬರೆದಿದ್ದ. ಅವನ ಅಪ್ಪ ಹುಲಿವೇಷಕ್ಕೆ ಬಣ್ಣ ಬರೆಯುವವರು. ವರ್ಷವಿಡೀ ಮನೆಗಳಿಗೆ ಪೇಂಟು ಹೊಡೆಯುವುದು, ಕೃಷ್ಣಾಷ್ಟಮಿಗೆ ವೇಷ ಹಾಕುವವರ ಮೈಮೇಲೆ ಹುಲಿ ಬರೆಯುವುದು.

ನಾನು ಫೋನು ಮಾಡಿದೆ. "ಅಷ್ಟಮಿ ಕಳೆದು ಮೂರು ತಿಂಗಳಾಯಿತಲ್ಲ ಮಾರಾಯ. ಕಲಾಕೃತಿ ಎಲ್ಲಿ ಉಂಟು?"

"ತೊಳೆದು ಹೋಯಿತು ಸರ್. ಆದರೆ ಅಪ್ಪನಿಗೆ ಹೇಳಿ ಇನ್ನೊಮ್ಮೆ ಬರೆಸಿಕೊಂಡು ಬರ್ತೇನೆ. ಸ್ಪರ್ಧೆಗೆ ಅಂತ ಅಪ್ಪನಿಗೆ ಹೇಳಬೇಡಿ, ಯಾವುದೋ ಕಾರ್ಯಕ್ರಮ ಅಂತ ಹೇಳಿದ್ದೇನೆ. ನಾನು ಚಿತ್ರಕಲೆ ಓದುವುದು ಅವರಿಗೆ ಇಷ್ಟ ಇಲ್ಲ. 'ಹುಲಿ ಬರೆದು ಯಾರು ದೊಡ್ಡ ಮನುಷ್ಯ ಆದದ್ದು' ಅಂತ ಕೇಳ್ತಾರೆ."

ಕೊನೆಯ ಸುತ್ತು ಮಣಿಪಾಲದ ಒಂದು ಸಭಾಂಗಣದಲ್ಲಿತ್ತು. ಹುಡುಗ ಬಂದದ್ದು ಗೂಡ್ಸ್ ಟೆಂಪೋದ ಹಿಂದೆ ನಿಂತುಕೊಂಡು, ಎರಡೂ ಕೈ ಅಗಲಿಸಿ, ಕೂತರೆ ಬಣ್ಣ ಹೋಗುತ್ತದಲ್ಲ. ಅಪ್ಪ ಬಣ್ಣದ ಪೆಟ್ಟಿಗೆ ಹಿಡಿದು ಪಕ್ಕದಲ್ಲಿ. ಗೇಟಿನಲ್ಲಿ ವಾಚ್‌ಮ್ಯಾನ್ ತಡೆದ. "ಐಡಿ ಕಾರ್ಡು?"

ಅಪ್ಪ ಪೆಟ್ಟಿಗೆಯಿಂದ ಕಾರ್ಡು ತೆಗೆದು ಕೊಟ್ಟರು. ವಾಚ್‌ಮ್ಯಾನ್ ಕಾರ್ಡಿನ ಫೋಟೋ ನೋಡಿದ, ಹುಲಿಯ ಮುಖ ನೋಡಿದ, ಮತ್ತೆ ಫೋಟೋ ನೋಡಿದ. "ಕಿವಿ ಹೋಲ್ತದೆ. ಹೋಗು" ಎಂದು ಬಿಟ್ಟ.

ಹುಡುಗ ವೇದಿಕೆಗೆ ಬಂದು ನಮಗೆ ನಮಸ್ಕಾರ ಮಾಡಿ, ತಿರುಗಿ ಬೆನ್ನು ಹಾಕಿ ನಿಂತ. ಬೆನ್ನ ತುಂಬ ಒಂದು ಹುಲಿಯ ಮುಖ. ನಾನು ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದೆ ಎಂದರೆ ಸುಳ್ಳಲ್ಲ. ಅವನು ಗೋಡೆ ನೋಡಿಕೊಂಡು ಮಾತಾಡತೊಡಗಿದ. ಉಸಿರೆಳೆದಾಗಲೆಲ್ಲ ಹುಲಿಯ ಕೆನ್ನೆ ಉಬ್ಬುತ್ತಿತ್ತು, ಕೈ ಆಡಿಸಿದರೆ ದವಡೆ ತೆರೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಹುಲಿಯೇ ಮಾತಾಡುತ್ತಿದೆ ಎನಿಸಿತು. ಮೇಡಂ ಅಂತೂ ಒಂದು ಪ್ರಶ್ನೆಯನ್ನು ನೇರವಾಗಿ ಹುಲಿಯ ಕಣ್ಣಿಗೆ ಕಣ್ಣಿಟ್ಟು ಕೇಳಿದರು.

"ನನಗೆ ಈ ಹುಲಿ ಬೆನ್ನಿಗೆ ತಾಗುವ ಬ್ರಷ್ಷಿನಿಂದ ಮಾತ್ರ ಗೊತ್ತು" ಎಂದ ಹುಡುಗ. "ಮೀಸೆಗೆ ಬಂದಾಗ ಅಪ್ಪ ಉಸಿರು ಕಟ್ಟಿ ಬರೀತಾರೆ. ನಾನೂ ಉಸಿರು ಕಟ್ತೇನೆ. ಕಣ್ಣು ಬರೆದು ಮುಗಿಸಿದರೆ ನನ್ನ ಭುಜಕ್ಕೆ ಒಮ್ಮೆ ತಟ್ಟುತ್ತಾರೆ. ಮನೆಯಲ್ಲಿ ಅಪ್ಪನಿಗೆ ಮಾತು ಕಡಿಮೆ. ವರ್ಷದಲ್ಲಿ ಅವರು ನನ್ನ ಹತ್ತಿರ ಅಷ್ಟು ಹೊತ್ತು ಕೂರುವುದು ಅದೇ ಒಂದು ದಿನ. ಅವರು ಬರೆದ ಹುಲಿಗಳೆಲ್ಲ ಸೀಮೆಎಣ್ಣೆಯಲ್ಲಿ ಅಳಿಸಿ ಹೋದವು. ಒಂದಕ್ಕೂ ಅವರ ಹೆಸರಿಲ್ಲ. ಅಳಿಸದ ಕಡೆ ಬರೆಯಲಿಕ್ಕೆ ನಾನು ಕಲಿಯಬೇಕು."

ಸಭಾಂಗಣದ ಕೊನೆಯ ಸಾಲಿನಲ್ಲಿ ಅಪ್ಪ ಬಣ್ಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಕಾರ್ಯಕ್ರಮ ಎಂಥದ್ದು ಎಂದು ಅವರಿಗೆ ಆಗ ತಿಳಿಯಿತು. ಎದ್ದು ಮುಂದೆ ಬಂದರು. ನಾವು ಮೂವರೂ ಗಾಬರಿಯಿಂದ ನೋಡುತ್ತಿದ್ದೆವು. ಅವರು ವೇದಿಕೆ ಹತ್ತಿ ಮಗನ ಹಿಂದೆ ನಿಂತು, ಪೆಟ್ಟಿಗೆ ತೆರೆದು, ಬ್ರಷ್ಷು ತೆಗೆದು, ಹುಲಿಯ ಗಲ್ಲದ ಕೆಳಗೆ ಸಣ್ಣದಾಗಿ ತಮ್ಮ ಹೆಸರು ಬರೆದರು. ಭುಜಕ್ಕೆ ಒಮ್ಮೆ ತಟ್ಟಿದರು. "ಓದಲಿ ಸ್ವಾಮಿ" ಎಂದು ನಮ್ಮ ಕಡೆ ತಿರುಗಿ ಹೇಳಿ ಕೆಳಗಿಳಿದರು.

ತೀರ್ಪು ಕೊಡಲು ನಮಗೆ ಎದ್ದು ಹೋಗಿ ಚರ್ಚಿಸುವ ಅಗತ್ಯವೇ ಬರಲಿಲ್ಲ, ಮೊದಲ ಸ್ಥಾನ ಹುಲಿಯ ಹುಡುಗನಿಗೆ. ನವಿಲು, ಬುಟ್ಟಿ, ಆನೆಗಳವರಿಗೂ ಏನಾದರೂ ಕೊಡಲೇಬೇಕು ಎಂದು ಅಧ್ಯಕ್ಷರು ಹಟ ಹಿಡಿದು, ಮೂವರಿಗೂ ಎರಡನೆಯ ಸ್ಥಾನ ಕೊಡಿಸಿದರು.

ಪ್ರಶಸ್ತಿ ಪತ್ರ ಕೊಡುವಾಗ ಪತ್ರಿಕೆಯ ಫೋಟೋಗ್ರಾಫರ್, "ಸ್ವಲ್ಪ ಈಚೆ ತಿರುಗು ಮಾರಾಯ, ಮುಖ ಕಾಣಲಿ" ಎಂದ. ಹುಡುಗ ಒಪ್ಪಲಿಲ್ಲ. "ನನ್ನ ಮುಖ ಬೇಡ, ಅಪ್ಪ ಬರೆದದ್ದು ಬರಲಿ" ಎಂದು ಬೆನ್ನು ಹಾಕಿಯೇ ನಿಂತ. ಪಕ್ಕದಲ್ಲಿ ಅಧ್ಯಕ್ಷರು ಪತ್ರ ಹಿಡಿದು ನಕ್ಕರು. ಫೋಟೋ ಚೆನ್ನಾಗಿಯೇ ಬಂತು.

ಮರುದಿನ ಪತ್ರಿಕೆಯಲ್ಲಿ ಎಡಕ್ಕೆ ಹುಲಿ, ಬಲಕ್ಕೆ ಅಧ್ಯಕ್ಷರು. ಕೆಳಗೆ ಅಚ್ಚಾಗಿದ್ದ ಸಾಲು: 'ಎಡದಿಂದ: ಟ್ರಸ್ಟಿನ ಅಧ್ಯಕ್ಷರು ಮತ್ತು ಪಿಯುಸಿ ವಿದ್ಯಾರ್ಥಿ.'

ನಾನು ಪತ್ರಿಕೆ ಹಿಡಿದು ಅಧ್ಯಕ್ಷರ ಮನೆಗೆ ಹೋಗುವಾಗ ಅವರ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ನೆಂಟರೊಬ್ಬರು, "ಈ ಪ್ರಾಯದಲ್ಲಿ ಹುಲಿವೇಷ ಹಾಕಿದಿರಾ? ಸೊಂಟ ಸರಿ ಉಂಟಲ್ಲ?" ಎಂದು ವಿಚಾರಿಸಿದರು. ಹಿಂದೆ ಬ್ಯಾಂಕಿನಲ್ಲಿ ಅವರ ಜೊತೆ ಕೆಲಸಕ್ಕಿದ್ದ ಒಬ್ಬರು, ಪಿಯುಸಿಗೆ ಈಗಲಾದರೂ ಸೇರಿದ್ದಕ್ಕೆ ಅಭಿನಂದನೆ ಹೇಳಿದರು.

ಅಧ್ಯಕ್ಷರ ಹೆಂಡತಿ ಕಾಫಿ ತಂದಿಟ್ಟರು. ಅಧ್ಯಕ್ಷರು ಎಂದಿನ ಮೆತ್ತಗಿನ ಸ್ವರದಲ್ಲಿ, "ನೋಡಿ ಮಾಷ್ಟ್ರೇ, ನನ್ನನ್ನು ಹುಲಿ ಮಾಡಿಬಿಟ್ಟರು" ಎಂದು ನೊಂದುಕೊಂಡರು.

ಅವರ ಹೆಂಡತಿ ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು, ಕೆಳಗಿನ ಸಾಲನ್ನು ಎರಡು ಸಲ ಓದಿದರು, ನನ್ನ ಕಡೆ ತಿರುಗಿ ಸಣ್ಣ ಸ್ವರದಲ್ಲಿ ಕೇಳಿದರು:

"ನಲವತ್ತು ವರ್ಷದಿಂದ ಈ ವಿಷಯ ಮನೆಯಿಂದ ಹೊರಗೆ ಹೋಗದ ಹಾಗೆ ನೋಡಿಕೊಂಡಿದ್ದೆ ಮಾಷ್ಟ್ರೇ. ಪೇಪರಿನವರಿಗೆ ಹೇಗೆ ಗೊತ್ತಾಯಿತು?"